ಬೆಳಕು ಕಂಡರೆ ಫೇಲು

ನನ್ನ ಚಿಕ್ಕಮ್ಮ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷದಿಂದ ಅರದಿಂದ ಕಬ್ಬಿಣ ಉಜ್ಜಿ ಸಮ ಮಾಡುವುದನ್ನು ಕಲಿಸುತ್ತಿದ್ದಾಳೆ. ವಿದ್ಯಾರ್ಥಿಗಳು ಅವಳನ್ನು ಬೆಳಕಮ್ಮ ಅನ್ನುತ್ತಾರೆ. ಅವಳ ಐವತ್ತನೇ ಹುಟ್ಟುಹಬ್ಬಕ್ಕೆ ನಾನು ಕಾರ್ಡಿನಲ್ಲಿ 'ನೂರಾರು ಮಕ್ಕಳಿಗೆ ಬೆಳಕು ತೋರಿದವಳಿಗೆ' ಎಂದು ಬರೆದುಕೊಟ್ಟಿದ್ದೆ. ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಯಾಕೆಂದು ನನಗೆ ಗೊತ್ತಾದದ್ದು ಮೊನ್ನೆ.

ತಂಗಿಗೆ ಎರಡು ಕಡೆ ಸೀಟು ಸಿಕ್ಕಿತ್ತು: ಚಿಕ್ಕಮ್ಮನಿರುವಲ್ಲಿ ಯಂತ್ರವಿದ್ಯೆಗೆ, ಪೇಟೆಯಾಚೆಯ ಹಳೆಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ. ಶುಕ್ರವಾರದೊಳಗೆ ಒಂದನ್ನು ಬಿಟ್ಟುಕೊಡಬೇಕು. ಅವಳು ಹಾಯಾಗಿದ್ದಳು, ಊಟ ಸೇರದೆ ಹೋದದ್ದು ನನಗೆ. ತಪ್ಪು ಆರಿಸಿದರೆ? ನಾಲ್ಕು ವರ್ಷ ಮಣ್ಣುಪಾಲಾದರೆ? ಗುರುವಾರ ಮಧ್ಯಾಹ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು, ತಂಗಿಯನ್ನು ಎಳೆದುಕೊಂಡು ವರ್ಕ್‌ಶಾಪಿಗೆ ಹೋದೆ. ನೆಲದ ತುಂಬ ಕಬ್ಬಿಣದ ಪುಡಿ. ಮಗಳನ್ನು ಇಳಿಸಲೇ ಇಲ್ಲ.

"ಚಿಕ್ಕಮ್ಮಾ, ಪಾಲಿಟೆಕ್ನಿಕ್ ಅಂದ್ರೆ ಬರೀ ಡಿಪ್ಲೊಮಾ ಅಂತಾರಲ್ಲ ಪಕ್ಕದ್ಮನೆಯವ್ರು?"

"ಆ ಡಿಪ್ಲೊಮಾ ಕಾಲೇಜು ಬೇರೆ, ಇದು ಬೇರೆ. ಇದು ವಿಶ್ವವಿದ್ಯಾಲಯ ಕಣೆ. ಡಿಗ್ರಿ ಕೊಡ್ತಾರೆ, ಡಾಕ್ಟರೇಟೂ ಕೊಡ್ತಾರೆ. ನಿನ್ನ ಪಕ್ಕದ್ಮನೆಯವ್ರಿಗೂ ಒಂದು ಕೊಡ್ಸೋಣ್ವಾ?"

"ಹಾಗಾದ್ರೆ ಪೇಟೆಯಾಚೆಯದಕ್ಕೂ ಇದಕ್ಕೂ ವ್ಯತ್ಯಾಸ ಏನು?"

"ಅಲ್ಲಿ ಕಾನೂನು, ಇತಿಹಾಸ, ಸಾಹಿತ್ಯ, ಎಲ್ಲಾ ಇದೆ. ಇಲ್ಲಿ ಹೆಚ್ಚಾಗಿ ಮಾಡೋ ವಿದ್ಯೆ: ಯಂತ್ರ, ಕಟ್ಟಡ, ಕರೆಂಟು. ಅಲ್ಲಿ ಮೊದ್ಲು ತಿಳ್ಕೋತಾರೆ. ನಮ್ಮಲ್ಲಿ ಮೊದ್ಲು ಕೆಡಿಸ್ತಾರೆ, ಆಮೇಲೆ ಯಾಕೆ ಕೆಡ್ತು ಅಂತ ಪಾಠ."

"ಯಾವುದು ಒಳ್ಳೇದು, ಅದನ್ನ ಹೇಳು."

"ನಾನು ಎರಡೂ ಕಡೆ ಓದಿಲ್ಲಮ್ಮ. ಕಾರ್ಖಾನೆಯಿಂದ ನೇರ ಇಲ್ಲಿಗೆ ಬಂದೋಳು."

ಡಾಕ್ಟರೇಟಿನವರು ತಂದ ಹೊಸ ಯಂತ್ರ ಸದ್ದು ಮಾಡಿದರೆ ಮೊದಲು ಕರೆಯುವುದು ಇವಳನ್ನೇ. ಅದನ್ನು ಮಾತ್ರ ಅವಳು ಹೇಳುವುದಿಲ್ಲ. ತಂಗಿಯ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, "ಸಮ ಮಾಡು ನೋಡೋಣ" ಎಂದಳು.

ತಂಗಿ ಒಂದೂವರೆ ಗಂಟೆ ಉಜ್ಜಿದಳು. ಚಿಕ್ಕಮ್ಮ ಆ ತುಂಡಿಗೆ ಸಮ ನೋಡುವ ಮೂಲೆಮಟ್ಟದ ನೇರ ಅಂಚನ್ನು ಒತ್ತಿ ಹಿಡಿದು ಕಿಟಕಿಯತ್ತ ಎತ್ತಿದಳು. ನಾನೂ ಇಣುಕಿದೆ. ಎರಡರ ನಡುವೆ ಕೂದಲೆಳೆಯಷ್ಟು ಹೊಳಪು.

"ಬೆಳಕು ಬಂತು! ಬಂತಲ್ಲ ಚಿಕ್ಕಮ್ಮಾ!" ಎಂದು ಕೂಗಿದೆ.

ಬೆಂಚುಗಳಲ್ಲಿ ಉಜ್ಜುತ್ತಿದ್ದ ವಿದ್ಯಾರ್ಥಿಗಳೆಲ್ಲ ಗೊಳ್ಳೆಂದು ನಕ್ಕರು. ಬೆಳಕು ಕಂಡರೆ ಸಮವಾಗಿಲ್ಲ ಎಂದರ್ಥವಂತೆ. ಫೇಲಾದ ತುಂಡನ್ನು ವಾಪಸು ಕೊಡುವಾಗ ಚಿಕ್ಕಮ್ಮ ಹೇಳುವುದು 'ಬೆಳಕು ಬಂತು' ಎಂಬ ಒಂದೇ ಮಾತು. ನನ್ನ ಕಾರ್ಡು ಗೋಡೆಗೆ ಅಂಟಿಕೊಂಡು ನನ್ನನ್ನೇ ನೋಡುತ್ತಿತ್ತು.

ತಂಗಿ ನಗಲಿಲ್ಲ. ಇನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಇದ್ದಳು.

"ಈ ತುದೀಲಿ ಬಿಳಿ ಇದೆ. ಸಂದು ಸಣ್ಣ ಆದ ಹಾಗೆ ನೀಲಿ ಆಗುತ್ತೆ. ಯಾಕೆ ಚಿಕ್ಕಮ್ಮಾ?"

ಚಿಕ್ಕಮ್ಮ ಅರವನ್ನು ನಿಧಾನವಾಗಿ ಒರೆಸಿದಳು. "ನೀಲಿ ಆಗೋದು ಗೊತ್ತು. ಯಾಕೆ ಅಂತ ಇಲ್ಲಿ ಯಾರೂ ಕೇಳಿಲ್ಲ. ಎಲ್ಲಿ ಉಜ್ಜಿದ್ರೆ ಬೆಳಕು ಹೋಗುತ್ತೆ ಅಂತಾನೇ ಕೇಳೋದು." ನನ್ನ ಕಡೆ ತಿರುಗಿದಳು. "ಗೊತ್ತಾಯ್ತಲ್ಲ, ಇವಳ ಜಾಗ ಯಾವುದು ಅಂತ?"

ಗೊತ್ತಾಯಿತು. ಮರುದಿನ ಚಿಕ್ಕಮ್ಮನ ಕಡೆಯ ಸೀಟನ್ನೇ ಬಿಟ್ಟುಕೊಟ್ಟೆವು. ಪೇಟೆಯಾಚೆಗೆ ಎರಡು ಬಸ್ಸು ಬದಲಾಯಿಸಬೇಕಲ್ಲ ಎಂಬ ಚಿಂತೆ ನನಗೆ ಆಗಲೇ ಶುರುವಾಗಿತ್ತು.

ಸೀಟು ಬಿಡುವ ಕಾಗದ ಕೊಟ್ಟು ಬರುವಾಗ ತಂಗಿ ವರ್ಕ್‌ಶಾಪಿಗೆ ಹೋಗಿ, "ಆ ತುಂಡು ಮುಗಿಸ್ಲಾ?" ಎಂದು ಕೇಳಿದಳು.

"ಬೇಡ, ಹಾಗೇ ತಗೊಂಡ್ಹೋಗು," ಎಂದು ಚಿಕ್ಕಮ್ಮ ಅದನ್ನು ಅವಳ ಅಂಗೈಯಲ್ಲಿಟ್ಟಳು. "ಇದೊಂದರಲ್ಲಿ ಬೆಳಕು ಇರ್ಲಿ."