ಮಳೆ ನಿಂತಿಲ್ಲ, ಹೊಳವಾಗಿದೆ

ಆಸ್ಪತ್ರೆಯ ಕಿಟಕಿಯಾಚೆ ಮಳೆ ತುಸು ಬಿಟ್ಟಿತ್ತು. ನಾಲ್ಕು ದಿನದಿಂದ ಅಮ್ಮನ ಮಂಚದ ಪಕ್ಕ ನಿದ್ದೆಗೆಟ್ಟು ಕೂತ ನನಗೆ, ಒದ್ದೆ ಮಣ್ಣಿನ ವಾಸನೆಗೆ ಮಲ್ಲಂದೂರಿನ ನಮ್ಮ ಅಂಗಳ ನೆನಪಾಯಿತು.

ಮಳೆಗಾಲದಲ್ಲಿ "ಮಳೆ ನಿಂತೇ ಹೋಯ್ತು" ಎಂದರೆ ಅಮ್ಮ ರೇಗುತ್ತಿದ್ದಳು. "ನಿಂತಿಲ್ಲ ಮಾರಾಯ್ತಿ, ಹೊಳವಾಗಿದೆ ಅಷ್ಟೆ. ಮತ್ತೆ ಹಿಡ್ಕೊಳ್ಳುತ್ತೆ."

ಎರಡು ಮಳೆಯ ನಡುವೆ ಬಾನು ಬಿಡುವ ಚೂರು ಬೆಳಕಿಗೇ ಹೊಳವು ಎನ್ನುವುದು. ಅಷ್ಟರಲ್ಲೇ ಅವಳು ಕಂಬಳಿ ಕೊಡವಿ, ದನಕ್ಕೆ ಹುಲ್ಲು ಕೊಯ್ದು, ಸೌದೆ ಒಳಗಿಡುತ್ತಿದ್ದಳು. ಕೂತು ಸುಧಾರಿಸಿಕೊಂಡದ್ದನ್ನು ನಾನು ನೋಡಲೇ ಇಲ್ಲ. ಈಗ ನನ್ನ ಕಥೆಗಳಲ್ಲಿ ಆ ಪದ ಬಂದರೆ ಓದುಗರು ಅರ್ಥ ಕೇಳುತ್ತಾರೆ.

ಇವತ್ತು ಜ್ವರ ಇಳಿದಿದೆ. "ಹುಷಾರಾದೆಯಲ್ಲಮ್ಮ" ಎಂದೆ. ಅಮ್ಮ ಕಣ್ಣು ಬಿಟ್ಟಳು.

"ಹೊಳವಾಗಿದೆ ಅಷ್ಟೆ. ಇಷ್ಟರಲ್ಲೇ ನೀನೊಂದು ನಿದ್ದೆ ಮುಗಿಸ್ಕೊ."