ಕೆಂಪು ಹಸು ಪಾಸು ಮಾಡಿದ ಪೈಪು

ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರಿಗೆ ಹೆಡರ್ ಆರಿಸುವುದು ಹೇಗೆಂದು ನಂಜನಗೂಡಿನಲ್ಲಿ ಬಲ್ಲವನು ನಾನೊಬ್ಬನೇ. ಅಂಥ ಕಾರು ಮಾತ್ರ ನಂಜನಗೂಡಿನಲ್ಲಿ ಒಂದೂ ಇಲ್ಲ. ಅದು ಕಾರಿನ ದುರದೃಷ್ಟ. ಪಿಸ್ಟನ್ನೇ ಇಲ್ಲದೆ, ಮೂರು ಮೂಲೆಯ ರೋಟರ್ ಗಿರಗಿರನೆ ತಿರುಗುವ ಆ ಎಂಜಿನ್ನಿನ ವಿಡಿಯೊ ನೋಡಿ ನೋಡಿ ರಜೆ ಮುಗಿಯುವ ಹೊತ್ತಿಗೆ ನನ್ನ ಕಣ್ಣುಗುಡ್ಡೆಯೂ ಮೂರು ಮೂಲೆಯದಾಗಿತ್ತು. ಹೆಡರ್ ಅಂದರೆ ಬೇರೇನಲ್ಲ, ಎಂಜಿನ್ ಉಗುಳಿದ ಹೊಗೆಯನ್ನು ಮೊದಲು ಹಿಡಿದುಕೊಳ್ಳುವ ಬಾಗಿದ ಪೈಪು. ನಮ್ಮ ಮೆಕ್ಯಾನಿಕ್ಕುಗಳು ಬೆಂಡ್ ಪೈಪ್ ಅನ್ನುತ್ತಾರೆ.

ಇಷ್ಟು ದೊಡ್ಡ ವಿದ್ಯೆಗೆ ಸಿಕ್ಕಿದ್ದು ಮಾವನ ಟೂ ಸ್ಟ್ರೋಕ್ ಬೈಕು. ಮಾವ ನಮ್ಮಮ್ಮನ ತಮ್ಮ, ಟಿ. ನರಸೀಪುರದ ಕಡೆ ಅಜ್ಜಿಯ ಊರಿನಲ್ಲಿ ಇರುತ್ತಾನೆ. ನಾಲೆಯ ಈಚೆಯ ಮನೆಗಳ ಹಾಲನ್ನು ಎರಡು ಕ್ಯಾನಿನಲ್ಲಿ ತುಂಬಿಕೊಂಡು, ನಾಲೆಯ ಏರಿ ಹತ್ತಿಸಿ, ಸೇತುವೆ ದಾಟಿ, ಆಚೆಯ ಡೈರಿಗೆ ಹಾಕುವುದು ಅವನ ದಿನದ ಕೆಲಸ. ಬೈಕು ನನಗಿಂತ ಹಿರಿಯದು. ಅದರ ಬೆಂಡ್ ಪೈಪು ತುಕ್ಕು ತಿಂದು ತಿಂದು ಜಾಲರಿಯಾಗಿತ್ತು. ಹೊಗೆ ಹಿಂದೆ ಹೋಗುವುದನ್ನು ಬಿಟ್ಟು ಎಲ್ಲ ದಿಕ್ಕಿಗೂ ಹೋಗುತ್ತಿತ್ತು.

"ಸಾಕಾಯ್ತು ಕಣ್ಲಾ ಅಳಿಯ, ಗುಜರಿಗ್ ಆಕ್ಬುಟ್ಟು ಸ್ಕೂಟ್ರು ತಕ್ಕತೀನಿ" ಅಂದ ಮಾವ.

ನನ್ನ ಲೈಸೆನ್ಸು ಕೈಗೆ ಬಂದಿದೆ, ಗಾಡಿ ಇಲ್ಲ. ಇಂಥ ಹೊತ್ತಲ್ಲಿ ಗುಜರಿಯೇ?

"ನಂಗ್ ಕೊಟ್ಬುಡು ಮಾವ. ಪೈಪ್ ನಾನ್ ಆಕ್ಸ್ತೀನಿ."

ಮಾವ ಮೀಸೆಯಲ್ಲೇ ನಕ್ಕ. "ಎರಡು ಕ್ಯಾನ್ ತುಂಬ ಆಲು, ಇಂದೆ ನಾನು. ಕಾಲು ನೆಲಕ್ ಮಡಗ್ದೆ ನಾಲೆ ಏರಿ ಅತ್ತಿಸ್ಲಾ, ಗಾಡಿ ನಿಂದೇಯ. ಆಗ್ದಿದ್ರೆ ಭಾನ್ವಾರ ಗುಜರಿಯವ್ನು ಬತ್ತಾನೆ."

ಕ್ಯಾನು ಏನೂ ಅಲ್ಲ. ಮಾವ ಕೂತರೆ ಮುಂದಿನ ಚಕ್ರ ಆಕಾಶ ನೋಡುತ್ತದೆ.

ನಂಜನಗೂಡಿನ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬೈಕು ಓಡಿಸಿದೆ. ಅಲ್ಲಿ ಗೋಡೆಯ ಮೇಲೆ ಒಂದು ಪೈಪು ನೇತಾಡುತ್ತಿತ್ತು: ಗಿಡ್ಡ, ದಪ್ಪ, ಮುಖ ನೋಡಿಕೊಂಡು ಕ್ರಾಪು ಬಾಚಬಹುದಾದಷ್ಟು ಹೊಳಪು. ವಿಡಿಯೊದಲ್ಲಿ ಕಲಿತದ್ದೆಲ್ಲ ಆ ಹೊಳಪಿನ ಮುಂದೆ ಕರಗಿಹೋಯಿತು. ಅದನ್ನೇ ಹಾಕಿಸಿದೆ. ಕಿಕ್ ಹೊಡೆದಾಗ ಬಂದ ಸದ್ದಿಗೆ ಕಪಿಲಾ ನದಿ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸಿತು. ನೋಡಿದವರು ಯಾರೂ ಇಲ್ಲ, ನಾನು ಹೇಳುತ್ತಿದ್ದೇನೆ, ಅಷ್ಟೆ.

ಮಾರನೆಯ ಬೆಳಗ್ಗೆ ಹಾಲಿನ ಹೊತ್ತಿಗೆ ಸರಿಯಾಗಿ ಅಜ್ಜಿಯ ಬೀದಿಗೆ ಎಂಟ್ರಿ ಕೊಟ್ಟೆ. ಕೋಳಿಗಳು ಹೆಂಚಿನ ಮೇಲೆ ಹತ್ತಿದವು. ಕೊಟ್ಟಿಗೆಯಲ್ಲಿ ಕೆಂಪು ಹಸು ಒದ್ದ ಏಟಿಗೆ ಅಜ್ಜಿಯ ಕೈಯ ತಂಬಿಗೆ ಹಾರಿ ಕಲಗಚ್ಚಿನ ಬಾನಿಯೊಳಗೆ ಬಿತ್ತು.

"ಯಾವನ್ಲಾ ಅವ್ನು, ಪಟಾಕಿ ಅಚ್ಚುದವ್ನು?" ಅಜ್ಜಿ ಸೆರಗು ಬಿಗಿದುಕೊಂಡು ಆಚೆ ಬಂದಳು.

"ನಾನೇ ಕಣಜ್ಜಿ. ರೇಸಿಂಗ್ ಪೈಪು."

"ನಿನ್ ರೇಸಿಗೆ ಬೆಂಕಿ ಬೀಳ! ಅಸ ಆಲು ಬುಡ್ನಿಲ್ಲ ಕಣ್ಲಾ. ನಿಮ್ಮಾವನ್ ಗಾಡಿ ಸದ್ದು ಕೇಳುದ್ರೇಯ ಅದು ಆಲು ಬುಡದು. ಈ ಬೀದಿ ಅಸವೆಲ್ಲ ಅಂಗೇಯ."

ಆಗ ತಿಳಿಯಿತು. ಆ ಬೀದಿಯಲ್ಲಿ ಹಾಲು ಕರೆಯಲು ಯಾರೂ ಗಡಿಯಾರ ನೋಡುವುದಿಲ್ಲ. ಮಾವನ ಬೈಕು ತಿರುವಿನಲ್ಲಿ 'ಟಿಣ್ ಟಿಣ್ ಟರ್‌ರ್' ಅಂದರೆ ಹೆಂಗಸರು ಪಾತ್ರೆ ಹಿಡಿಯುತ್ತಾರೆ, ಹಸುಗಳು ಕೆಚ್ಚಲು ಸಡಿಲ ಬಿಡುತ್ತವೆ. ನನ್ನ ಸದ್ದಿಗೆ ಇಡೀ ಬೀದಿಯ ಹಾಲು ಒಳಗೇ ಕೂತಿತ್ತು. ಮನೆಮನೆಯ ಬಾಗಿಲಿನಿಂದಲೂ ಖಾಲಿ ಪಾತ್ರೆಗಳು ನನ್ನನ್ನೇ ನೋಡುತ್ತಿದ್ದವು.

ಸಾಲದ್ದಕ್ಕೆ, ಖಾಲಿ ಕ್ಯಾನಿನಲ್ಲೇ ಏರಿ ಹತ್ತಿಸಲು ಹೋದರೆ ಅರ್ಧಕ್ಕೇ ಗಾಡಿ 'ಗೊರ್' ಅಂದು ಸತ್ತಿತು. ಏರಿಯ ಬುಡದಲ್ಲಿ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಇಳ್ಕೊಂಡು ತಳ್ಳೋ ರೇಸಾ ಇದು?"

ಅಲ್ಲೇ, ಗಾಡಿ ತಳ್ಳುತ್ತ, ವಿಡಿಯೊ ಜ್ಞಾಪಕಕ್ಕೆ ಬಂತು. ಗಿಡ್ಡ ದಪ್ಪ ಪೈಪು ಎಂಜಿನ್ ಜೋರಾಗಿ ಕಿರುಚುವಾಗಲೇ ಶಕ್ತಿ ಕೊಡುವುದು. ನಿಧಾನದಲ್ಲಿ ಭಾರ ಎಳೆಯಬೇಕಾದರೆ ಉದ್ದ ಸಪೂರ ಪೈಪೇ ಬೇಕು. ರೋಟರಿ ಕಾರಿನವರು ಗಂಟೆಗಟ್ಟಲೆ ಜಗಳ ಆಡುವುದು ಇದಕ್ಕೇ. ನಾನು ಪರೀಕ್ಷೆಯ ಉತ್ತರ ಗೊತ್ತಿದ್ದೂ ಪೆನ್ನಿನ ಬಣ್ಣ ನೋಡುತ್ತ ಕೂತಿದ್ದೆ.

ಪೈಪು ಬಿಚ್ಚಿಕೊಂಡು ಬಸ್ಸಿನಲ್ಲಿ ಮತ್ತೆ ಅಂಗಡಿಗೆ ಹೋದೆ. ಹೊಳೆಯುವ ಪೈಪು ವಾಪಸು ಕೊಟ್ಟು, ಮೂಲೆಯ ರಾಶಿಯಿಂದ ಎರಡು ಉದ್ದ ಪೈಪು ಎತ್ತಿಕೊಂಡೆ.

"ಯಾವ್ದು ಬೇಕಪ್ಪ ಅಂಗಾದ್ರೆ?" ಅಂದ ಅಂಗಡಿಯಣ್ಣ.

"ಅಸ ಒಪ್ಪುದ್ದು."

ಅವನು ನನ್ನ ಹಣೆ ಮುಟ್ಟಿ ನೋಡಿದ. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆ ಫೋನು ಒತ್ತೆ ಇಟ್ಟುಕೊಂಡು ಎರಡನ್ನೂ ಕೊಟ್ಟ.

ಸಂಜೆ ಕೊಟ್ಟಿಗೆಯ ಹಿಂದೆ ಗಾಡಿಗೆ ಸ್ಟ್ಯಾಂಡ್ ಹಾಕಿದೆ. ಒಳಗೆ ಅಜ್ಜಿ, ಹಸುವಿನ ಕೆಚ್ಚಲಿಗೆ ಕೈ ಇಟ್ಟುಕೊಂಡು, ಜಡ್ಜಿನ ಪಕ್ಕದ ಗುಮಾಸ್ತನ ಹಾಗೆ ಕೂತಳು. ಮೊದಲ ಪೈಪು ಬಿಗಿದು ಕಿಕ್ ಹೊಡೆದೆ. ಅದು ಭಜನೆ ತಂಡದಲ್ಲಿ ಗಂಟಲು ಕಟ್ಟಿದವನ ಹಾಗೆ ಗೊಗ್ಗರು ದನಿ ತೆಗೆಯಿತು.

"ಏನಾಯ್ತಜ್ಜಿ?"

"ಸಗಣಿ ಆಕ್ತು. ಅದೇ ಅದ್ರ ತೀರ್ಮಾನ ಕಣ್ ಕೂಸೆ."

ಕಾದ ಪೈಪಿಗೆ ಒದ್ದೆ ಗೋಣಿಚೀಲ ಸುತ್ತಿ ಬಿಚ್ಚಿದೆ. ಹೆಬ್ಬೆರಳು ಸುಟ್ಟು ಬೋಂಡದ ಬಣ್ಣಕ್ಕೆ ಬಂತು. ವಿಜ್ಞಾನಕ್ಕೆ ಅಷ್ಟಾದರೂ ಬೇಡವೇ? ಎರಡನೆಯದನ್ನು ಹಾಕಿದೆ. ಸಪೂರ, ಕಪ್ಪು, ಮಾವನಿಗಿಂತ ಎರಡು ಪಟ್ಟು ಕುರೂಪ. ಕಿಕ್ ಹೊಡೆದೆ.

ಟಿಣ್ ಟಿಣ್ ಟರ್‌ರ್.

ಒಳಗೆ ತಂಬಿಗೆಯ ತಳಕ್ಕೆ ಚೊರ್ರ್, ಚೊರ್ರ್.

"ಬುಡ್ತು ಕಣ್ಲಾ! ನೊರೆ ನೊರೆ ಬುಡ್ತಾವ್ಳೆ ನಮ್ಮವ್ವ!" ಅಜ್ಜಿ ಕಿರುಚಿದಳು.

ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಓಡಿ ಬಂದಳು. "ಇಷ್ಟ್ ಬೇಗ ಬಂದ್ಬುಟ್ನಾ ನಿನ್ ಮಗ? ನಮ್ಮಸ ಆಗ್ಲೇ ತೊಟ್ಟಿಕ್ತಾ ಅದೆ!" ನಾನು ಆಕ್ಸಲರೇಟರ್ ಹಿಡಿದು, ಗಲ್ಲ ಎತ್ತಿ, ಇಡೀ ಬೀದಿಗೆ ಹಾಲು ಕರೆಸಿದೆ.

ಬೀದಿಯ ಹಾಲೆಲ್ಲ ಸೇರಿ ಎರಡು ಕ್ಯಾನೂ ಕಂಠದವರೆಗೆ ತುಂಬಿತು. ಮಾವ ಹಿಂದೆ ಕೂತ. ಗಾಡಿ ನರಳಿತು, ನಾನೂ ನರಳಿದೆ. ಪಾತ್ರೆ ತೊಳೆಯುವುದು ಬಿಟ್ಟು ಹೆಂಗಸರೆಲ್ಲ ಏರಿಯ ಬುಡಕ್ಕೆ ಬಂದರು.

"ಗೇರು ಬದಲಾಯ್ಸ್ಲಾ!" ಮಾವ ಕೂಗಿದ.

"ಸುಮ್ನೆ ಕೂತ್ಕೊ ಮಾವ, ಅದು ಎಳೀತದೆ!"

ಅರ್ಧ ಏರಿಯಲ್ಲಿ, ಮೊದಲು ಸತ್ತ ಜಾಗದಲ್ಲೇ, ಸದ್ದು ತಗ್ಗಿತು. ನನ್ನ ಎಡಗಾಲು ನೆಲ ಮುಟ್ಟಲು ಹಂಬಲಿಸಿತು, ನಾನು ಬಿಡಲಿಲ್ಲ. ಎಂಜಿನ್ನು ಉಸಿರು ಎಳೆದುಕೊಂಡು, ಗೊಣಗುತ್ತ, ಗೊಣಗುತ್ತ, ಎತ್ತಿನ ಹಾಗೆ ಹೆಗಲು ಕೊಟ್ಟಿತು. ಇದ್ದಕ್ಕಿದ್ದಂತೆ ಮುಂದೆ ಮಣ್ಣು ಇರಲಿಲ್ಲ. ನಾಲೆಯ ನೀರು, ಅದರಾಚೆ ಹಸಿರು ಗದ್ದೆ, ಡೈರಿಯ ಬಿಳಿ ಗೋಡೆ. ಹಿಂದಿನಿಂದ ಹೆಂಗಸರ ಕೇಕೆ.

ಡೈರಿಯಲ್ಲಿ ಹಾಲು ಅಳೆಸಿ ಆದ ಮೇಲೆ ಮಾವ ಬೈಕಿನ ಸುತ್ತ ಒಮ್ಮೆ ನಡೆದ. ಸೀಟು ಸವರಿದ. ಬೇರೆ ಯಾರಿಗೋ ಹೇಳುವ ಹಾಗೆ ಅಂದ: "ಮನೆಗಂಟ ಬುಟ್ಬುಟ್ ಓಗಪ್ಪ, ನಿನ್ ಗಾಡೀಲಿ."

"ಕೂತ್ಕೊ ಮಾವ," ಅಂದೆ. "ಕ್ಯಾನ್‌ನ ತೊಡೆ ಮೇಲ್ ಮಡೀಕೊ. ನನ್ ಗಾಡಿ ಪೇಂಟ್ ಕೆರ್ದೋದದು."