ಬಾಗಿಲಲ್ಲಿ ನಿಂತ ಕಂಡಕ್ಟರ್

ಬಾಯಲ್ಲಿ ಸೀಟಿ, ಬಲಗೈಯಲ್ಲಿ ಟಿಕೆಟ್ ಮಷಿನ್, ಎಡಗೈಯಲ್ಲಿ ಯಾರದೋ ಬುಟ್ಟಿ. ನಾನು ಕಾಲೇಜಿಗೆ ಹೋಗುತ್ತಿದ್ದ ಬೆಳಗಿನ ಬಸ್ಸಿನ ಕಂಡಕ್ಟರ್ ಇದ್ದದ್ದೇ ಹಾಗೆ. ಮಾರ್ಕೆಟ್ಟಿನಲ್ಲಿ ಹೂ ಕೊಂಡು ಮಲ್ಲೇಶ್ವರಂ ಎಂಟನೇ ಕ್ರಾಸಿನಲ್ಲಿ ಮಾರುವ ಅಜ್ಜಿ ಹಿಂದೆಮುಂದೆ ನೋಡಿದರೆ, "ಮೊದ್ಲು ಹತ್ತಮ್ಮ, ಆಮೇಲೆ ಮಾತಾಡೋಣ" ಅನ್ನುತ್ತಿದ್ದರು. ಅವಳ ಬುಟ್ಟಿ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕೂರುತ್ತಿತ್ತು.

ಆಮೇಲೆ ಎಲೆಕ್ಟ್ರಿಕ್ ಬಸ್ ಬಂತು. ಹೊಗೆಯಿಲ್ಲ, ಸದ್ದಿಲ್ಲ, ಒಪ್ಪಿದೆ. ಆದರೆ ಎಂಜಿನ್ ಮುಚ್ಚಳವೂ ಇಲ್ಲ, ಬುಟ್ಟಿಗೆ ಜಾಗವೂ ಇಲ್ಲ! ಇದನ್ನು ಆರಿಸಿ ತಂದ ಮಹಾಶಯರು ಯಾವತ್ತಾದರೂ ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಬಸ್ ಹತ್ತಿದ್ದಾರಾ?

ಮೊದಲ ದಿನವೇ ಡ್ರೈವರ್, "ಬುಟ್ಟಿ ಬೇಡ ಸಾರ್, ಮೇಲೆ ಕ್ಯಾಮೆರಾ ಇದೆ" ಅಂತ ಬಾಗಿಲಿನ ಗುಂಡಿಗೆ ಕೈ ಚಾಚಿದ. ಬಾಗಿಲು ಮುಚ್ಚದೆ ಆ ಬಸ್ ಕದಲುವುದಿಲ್ಲ. ಕಂಡಕ್ಟರ್ ಹೋಗಿ ಬಾಗಿಲಲ್ಲೇ ನಿಂತರು.

"ಸಾರ್, ಲೇಟಾಗ್ತಿದೆ!"

"ಬುಟ್ಟಿ ಒಳಗೆ ಬರ್ಲಿ, ನಾನೂ ಬರ್ತೀನಿ. ಕ್ಯಾಮೆರಾಗೆ ನನ್ನ ಮುಖ ತೋರ್ಸು."

ಅಜ್ಜಿ ಹತ್ತಿದಳು.

ಒಂದು ತಿಂಗಳು ದಿನಾ ಇದೇ ನಡೆಯಿತು. ಕೊನೆಗೆ ಅವರನ್ನು ಡಿಪೋ ಒಳಗಿನ ಕೆಲಸಕ್ಕೆ ಹಾಕಿದರು. ಮಾಡಿದ ತಪ್ಪೇನು? ಬಸ್ಸನ್ನು ತಡ ಮಾಡಿದ್ದಂತೆ!

ಮರುದಿನ ಹೊಸ ಕಂಡಕ್ಟರ್ ಅಜ್ಜಿಗೆ ಕೈ ಅಡ್ಡ ಹಿಡಿದ. ನಾನು ಎದ್ದು, "ಯಾವ ರೂಲು? ಎಲ್ಲಿ ಬರೆದಿದೆ, ತೋರಿಸಿ" ಅಂತ ವಾದಕ್ಕಿಳಿದೆ. ಮೂರು ಪಾಯಿಂಟ್ ಹಾಕಿದೆ, ಅವನು ಕೈ ಇಳಿಸಿ ಟಿಕೆಟ್ ಕೊಡಲು ಹೊರಟ. ಗೆದ್ದೆ ಅಂದುಕೊಂಡು ತಿರುಗಿದರೆ ಬಾಗಿಲು ಮುಚ್ಚಿ ಬಸ್ ಹೊರಟಿತ್ತು. ಅಜ್ಜಿ ಬುಟ್ಟಿ ಹಿಡಿದು ಸ್ಟಾಪಿನಲ್ಲೇ ನಿಂತಿದ್ದಳು.